ಮೂರು ಡಿಗ್ರಿಯ ವಿಭೂತಿ

ಬ್ರಹ್ಮ ಬೆಳಿಗ್ಗೆ ಮಾಡಿದ ಮುಖಗಳು ನೆಟ್ಟಗಿರುತ್ತವೆ, ಸಾಯಂಕಾಲ ಮಾಡಿದವು ಸ್ವಲ್ಪ ಓರೆಯಾಗಿರುತ್ತವೆ ಎಂದು ನನ್ನ ಅಜ್ಜಿ ಜಲಜಮ್ಮ ಹೇಳುತ್ತಿದ್ದರು. ಹೊತ್ತು ಮುಳುಗುವಾಗ ಅವನ ಅಂಗಳದಲ್ಲಿ ಬೆಳಕು ಕಡಿಮೆಯಾಗುತ್ತದಂತೆ. ಸರಸ್ವತಿ ದೀಪ ಹಚ್ಚಿಕೊಂಡು ಬಂದು ಒಂದು ಪಕ್ಕದಲ್ಲಿ ನಿಲ್ಲುತ್ತಾಳಂತೆ. ದೀಪದ ಕಡೆಯ ಕೆನ್ನೆಗೆ ಮಣ್ಣು ಸರಿಯಾಗಿ ಕೂರುತ್ತದೆ, ನೆರಳಿನ ಕಡೆಯ ಕೆನ್ನೆಗೆ ಅವನು ಅಂದಾಜಿನ ಮೇಲೆ ಕೈ ಓಡಿಸುತ್ತಾನೆ. ಬೆಳಿಗ್ಗೆ ಎದ್ದು ನೋಡಿದರೆ ಅವನಿಗೇ ಅಯ್ಯೋ ಅನ್ನಿಸುತ್ತದೆ. ಒಡೆಯಲು ಮನಸ್ಸು ಬಾರದೆ, ಆ ಮುಖಕ್ಕೆ ಒಂದು ಚಿಟಿಕೆ ನಗು ಹೆಚ್ಚಿಗೆ ಹಾಕಿ ಭೂಮಿಗೆ ಕಳಿಸುತ್ತಾನೆ.

"ನಂದು ಯಾವಾಗ ಮಾಡಿದ್ದು ಅಜ್ಜಿ?" ಎಂದು ನಾನು ಕೇಳುತ್ತಿದ್ದೆ.

"ನಿಂದು ಮಧ್ಯಾಹ್ನ ಊಟ ಆದ್ಮೇಲೆ. ಅದಕ್ಕೇ ಯಾವಾಗ್ಲೂ ತೂಕಡಿಸ್ತಿರ್ತೀಯ."

ಈ ಕಥೆ ಕೇಳಿ ಬೆಳೆದವಳಿಗೆ ಸಿಕ್ಕ ಕೆಲಸವೂ ಮುಖಗಳದ್ದೇ. ಹಲ್ಲಿನ ಡಾಕ್ಟರ್ ಓದು ಮುಗಿಸಿದ ಮೇಲೆ ನನಗೆ ರೋಗಿಗಳ ತೆರೆದ ಬಾಯಿಗಿಂತ ಕಂಪ್ಯೂಟರಿನ ಪರದೆ ಹೆಚ್ಚು ಒಗ್ಗಿತು. ಈಗ ಶಿವಮೊಗ್ಗದ ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕಿಟಕಿಯಿಂದ ರಾಗಿಗುಡ್ಡ ಕಾಣುವ ಒಂದು ಸಣ್ಣ ಕೋಣೆಯಲ್ಲಿ ಕೂರುತ್ತೇನೆ. ಕೆಳದವಡೆ ಮುಂದೆ ಚಾಚಿಕೊಂಡವರು, ಗದ್ದ ಒಂದು ಕಡೆಗೆ ಸರಿದವರು, ಮುಂದಿನ ಹಲ್ಲುಗಳು ಒಂದಕ್ಕೊಂದು ಮುಟ್ಟದವರು ನಮ್ಮ ಡಾಕ್ಟರ್ ಜಗದಾಂಬಾ ಅವರ ಹತ್ತಿರ ಬರುತ್ತಾರೆ. ಮೇಡಂ ಆಪರೇಷನ್ ಮಾಡುವುದಕ್ಕೆ ಮೊದಲು ಅದೇ ಆಪರೇಷನ್ನನ್ನು ನಾನು ಕಂಪ್ಯೂಟರಿನಲ್ಲಿ ಒಮ್ಮೆ ಮಾಡಿಡಬೇಕು.

ಸಿ.ಟಿ. ಸ್ಕ್ಯಾನಿನಿಂದ ತಲೆಬುರುಡೆ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಹಲ್ಲುಗಳನ್ನು ಬೇರೆಯಾಗಿ ಸ್ಕ್ಯಾನ್ ಮಾಡಿ ಅದರಲ್ಲಿ ಕೂರಿಸುತ್ತೇನೆ. ಮುಖದ ಬಣ್ಣದ ಚಿತ್ರವನ್ನು ಬಟ್ಟೆಯ ಹಾಗೆ ಮೇಲೆ ಹೊದಿಸುತ್ತೇನೆ. ಆಮೇಲೆ ಮೌಸ್ ಹಿಡಿದು ದವಡೆಯನ್ನು ಬಿಡಿಸಿ, ಎರಡು ಮಿಲಿಮೀಟರ್ ಮುಂದಕ್ಕೆ, ಒಂದು ಮಿಲಿಮೀಟರ್ ಮೇಲಕ್ಕೆ ಎಂದು ಸರಿಸುತ್ತ ಹೋಗುತ್ತೇನೆ. ಮೇಡಂ ನೋಡಿ ಒಪ್ಪಿದರೆ, ಆ ಹೊಸ ಜಾಗಕ್ಕೆ ಸರಿಯಾಗಿ ಕುದುರೆ ಲಾಳದ ಆಕಾರದ ಒಂದು ಬಿಲ್ಲೆ ಪ್ರಿಂಟ್ ಆಗುತ್ತದೆ. ಅದಕ್ಕೆ ಸ್ಪ್ಲಿಂಟ್ ಅನ್ನುತ್ತಾರೆ. ಆಪರೇಷನ್ ಕೋಣೆಯಲ್ಲಿ ಹಲ್ಲುಗಳು ಆ ಬಿಲ್ಲೆಯ ಗುಳಿಗಳಲ್ಲಿ ಕೂತರೆ ದವಡೆ ತನ್ನ ಹೊಸ ಜಾಗಕ್ಕೆ ಬಂತು ಎಂದರ್ಥ. ಬಿಲ್ಲೆ ತಪ್ಪಿದರೆ ದವಡೆಯೂ ತಪ್ಪುತ್ತದೆ. ಮಲಗಿರುವ, ಊದಿಕೊಂಡ ಮುಖವನ್ನು ನೋಡಿ ಓರೆಯೋ ನೆಟ್ಟಗೋ ಹೇಳುವುದು ಎಂಥ ಪಳಗಿದ ಕಣ್ಣಿಗೂ ಕಷ್ಟ.

ಇದರಲ್ಲಿ ಒಂದು ತೊಡಕಿದೆ. ಪರದೆಯ ಮೇಲಿನ ತಲೆಬುರುಡೆಗೆ ನೆಲವೂ ಇಲ್ಲ, ಆಕಾಶವೂ ಇಲ್ಲ. ಹೇಗೆ ತಿರುಗಿಸಿದರೂ ತಿರುಗುತ್ತದೆ. ಯಾವುದು ಮಟ್ಟ ಎಂದು ನಾವೇ ಅದಕ್ಕೆ ಹೇಳಿಕೊಡಬೇಕು. ಅದಕ್ಕಾಗಿಯೇ ನಮ್ಮ ಫೋಟೋ ಕೋಣೆಯಲ್ಲಿ ಛಾವಣಿಯಿಂದ ಒಂದು ಹಿತ್ತಾಳೆ ಸರಪಳಿ ನೇತಾಡುತ್ತದೆ, ತುದಿಯಲ್ಲಿ ತೂಕ ಕಟ್ಟಿಕೊಂಡು. ರೋಗಿ ಅದರ ಪಕ್ಕದಲ್ಲಿ ಕೂತು, ಎದುರಿನ ಕನ್ನಡಿಯಲ್ಲಿ ತನ್ನ ಕಣ್ಣನ್ನು ತಾನೇ ನೋಡಬೇಕು. ಸರಪಳಿ ಸುಳ್ಳು ಹೇಳುವುದಿಲ್ಲ. ಅದನ್ನು ನೋಡಿ ತಲೆಯ ಮಟ್ಟ ಹಿಡಿಯುತ್ತೇವೆ.

ಸಿರಿ ಬಂದ ವಾರ ಆ ಕೋಣೆಗೆ ಬಣ್ಣ ಹೊಡೆಯುತ್ತಿದ್ದರು. ಸರಪಳಿಯನ್ನು ಬಿಚ್ಚಿ ಎಲ್ಲೋ ಇಟ್ಟಿದ್ದರು.

ಸಿರಿ ಭದ್ರಾವತಿಯ ಹುಡುಗಿ, ಇಪ್ಪತ್ತು ವರ್ಷ, ಬಿ.ಕಾಂ. ಕೊನೆಯ ವರ್ಷ. ಅವಳ ಕೆಳದವಡೆ ಮುಂದೆ ಬೆಳೆದು, ಗದ್ದ ಎಡಕ್ಕೆ ಸರಿದಿತ್ತು. ಆಪರೇಷನ್ನಿಗೆ ತಯಾರಿಯೆಂದು ಒಂದೂವರೆ ವರ್ಷದಿಂದ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದಳು. ಏನಾಗಬೇಕು ನಿನಗೆ ಎಂದು ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದ್ದೆ. ಚೆಂದ ಕಾಣಬೇಕು ಅನ್ನುತ್ತಾಳೆ ಎಂದುಕೊಂಡಿದ್ದೆ.

"ಸೀಬೆಹಣ್ಣು ಮುಂದಿನ ಹಲ್ಲಲ್ಲಿ ಕಚ್ಚಬೇಕು ಅಕ್ಕ," ಅಂದಳು. "ಇಷ್ಟು ವರ್ಷ ಪಕ್ಕಕ್ಕೆ ಇಟ್ಕೊಂಡು ಕಡಿದಿದೀನಿ, ಅಳಿಲಿನ ಥರ. ಆಮೇಲೆ ನಕ್ಕಾಗ ಹಲ್ಲಿನ ಸಾಲು ನೆಟ್ಟಗಿರ್ಬೇಕು. ಅಷ್ಟೇ."

ಅವಳ ಹಣೆಯ ಮೇಲೆ ಮೂರು ಗೆರೆ ವಿಭೂತಿ ಇತ್ತು. ಮುಖದ ಚಿತ್ರ ತೆಗೆಯುವಾಗ ಹಣೆಯ ಮೇಲೆ ಏನೂ ಇರಬಾರದು ಎಂಬ ನಿಯಮವಿದೆ. ಒದ್ದೆ ಹತ್ತಿ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

"ಅಜ್ಜಿ ಹಚ್ಚಿದ್ದು ಅಕ್ಕ. ಅಳಿಸಿದ್ರೆ ಅವರಿಗೆ ಗೊತ್ತಾಗುತ್ತೆ."

"ಭದ್ರಾವತಿಲಿ ಕೂತ್ಕೊಂಡಾ?"

"ನೀವು ನಮ್ಮಜ್ಜಿನ ನೋಡಿಲ್ಲ."

ನನ್ನ ಅಜ್ಜಿಯನ್ನು ನೋಡಿದ್ದೆನಲ್ಲ. ಹತ್ತಿಯನ್ನು ಡಬ್ಬಿಗೆ ವಾಪಸು ಹಾಕಿದೆ. ಸ್ಕ್ಯಾನ್ ಮುಗಿಸಿ ಅವಳು ಬಸ್ ಹತ್ತಿ ಹೋದ ಎಷ್ಟೋ ಹೊತ್ತಿನ ಮೇಲೆ, ಖಾಲಿ ಕೋಣೆಯ ಛಾವಣಿಯ ಕೊಕ್ಕೆ ಕಣ್ಣಿಗೆ ಬಿತ್ತು. ಸರಪಳಿಯಿಲ್ಲದೆ ಫೋಟೋ ತೆಗೆದಿದ್ದೆ.

ಮರುದಿನ ಕೂತು ಮಟ್ಟ ಹುಡುಕಿದೆ. ಸಾಮಾನ್ಯವಾಗಿ ಎರಡು ಕಣ್ಣುಗಳ ನಡುವೆ ಒಂದು ಗೆರೆ ಎಳೆದರೆ ಸಾಕು. ಸಿರಿಯ ಕಣ್ಣುಗಳೇ ಒಂದೇ ಮಟ್ಟದಲ್ಲಿರಲಿಲ್ಲ. ಕಿವಿಗಳದ್ದೂ ಅದೇ ಕಥೆ. ಬ್ರಹ್ಮ ನಿಜಕ್ಕೂ ಸಾಯಂಕಾಲವೇ ಮಾಡಿದ್ದ. ಫೋನ್ ಮಾಡಿ ಅವಳನ್ನು ಮತ್ತೆ ಕರೆಸಬಹುದಿತ್ತು. ಕಾಲೇಜಿನಲ್ಲಿ ಟೆಸ್ಟ್ ಇದೆ ಎಂದಿದ್ದಳು, ಸುಮ್ಮನೆ ಯಾಕೆ ಓಡಾಡಿಸುವುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಸರಪಳಿ ಮರೆತೆ ಎಂದು ಮೇಡಂಗೆ ಹೇಳುವ ಮುಖ ನನಗಿರಲಿಲ್ಲ. ಪೂರ್ತಿಯಾಗಿ ನಾನೊಬ್ಬಳೇ ಮಾಡುತ್ತಿದ್ದ ಮೊದಲ ಪ್ಲಾನ್ ಅದು.

ಆಗ ಆ ಮೂರು ಗೆರೆಗಳು ಕಂಡವು.

ನನ್ನ ಅಜ್ಜಿ ದಿನಾ ಬೆಳಿಗ್ಗೆ ನಮ್ಮೆಲ್ಲರ ಹಣೆಗೆ ವಿಭೂತಿ ಎಳೆಯುತ್ತಿದ್ದರು. ಮೂರು ಬೆರಳು, ಒಂದೇ ಎಳೆತ. ಜಲಜ ಹಚ್ಚಿದ ವಿಭೂತಿ ನೋಡಿಕೊಂಡು ಗೋಡೆ ಕಟ್ಟಬಹುದು ಎಂದು ತಾತ ಹೇಳುತ್ತಿದ್ದರು. ಅಜ್ಜಿಯರು ಎಳೆದ ಗೆರೆ ನೆಟ್ಟಗಿರುತ್ತದೆ ಎನ್ನುವುದು ನನ್ನ ತಲೆಯಲ್ಲಿ ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎನ್ನುವುದರ ಪಕ್ಕದಲ್ಲೇ ಕೂತಿತ್ತು. ಪರದೆಯ ಮೇಲೆ ಸಿರಿಯ ವಿಭೂತಿ ಅವಳ ಎಡಕ್ಕೆ ಮೂರು ಡಿಗ್ರಿ ಇಳಿದಿತ್ತು. ಓಹೋ, ಹುಡುಗಿ ಕೂರುವಾಗ ತಲೆ ಎಡಕ್ಕೆ ವಾಲಿಸಿದ್ದಾಳೆ ಎಂದುಕೊಂಡೆ. ಗೆರೆಗಳು ಮಟ್ಟವಾಗುವವರೆಗೂ ತಲೆಬುರುಡೆಯನ್ನು ತಿರುಗಿಸಿದೆ. ಮೂರೂ ಗೆರೆ ಪರದೆಯ ಅಂಚಿಗೆ ಸಮನಾದಾಗ ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ, ಎದ್ದು ಹೋಗಿ ಒಂದು ಕಾಫಿ ಕುಡಿದು ಬಂದೆ.

ಹಾಗೆ ತಿರುಗಿಸಿ ನೋಡಿದರೆ ಸಿರಿಯ ಮೇಲಿನ ಹಲ್ಲಿನ ಸಾಲು ಬಲಕ್ಕೆ ಬಹಳ ಜೋತಿತ್ತು. ಬಲಗಡೆಯನ್ನು ನಾಲ್ಕೂವರೆ ಮಿಲಿಮೀಟರ್ ಮೇಲೆತ್ತಬೇಕು ಎಂದು ಪ್ಲಾನ್ ಮಾಡಿದೆ.

ಜಗದಾಂಬಾ ಮೇಡಂ ಕನ್ನಡಕ ಹಣೆಗೇರಿಸಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು.

"ನಾಲ್ಕೂವರೆ. ಎದುರಿಗೆ ಕೂತಾಗ ಇಷ್ಟು ಓರೆ ಅನ್ನಿಸ್ಲಿಲ್ಲ ನನಗೆ. ಲೆವೆಲ್ ಯಾವುದಕ್ಕೆ ಹಿಡ್ದೆ ಅಕ್ಷರಾ?"

"ಫೋಟೋಗೆ ಮೇಡಂ."

ಅದು ಪೂರ್ತಿ ಸುಳ್ಳಲ್ಲ. ವಿಭೂತಿ ಇದ್ದದ್ದು ಫೋಟೋದಲ್ಲೇ. ಮೇಡಂ ಇನ್ನೊಂದು ಸಲ ಪರದೆಯ ಮೇಲೆ ಸಿರಿಯ ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, "ಸರಿ, ಸ್ಪ್ಲಿಂಟ್ ಪ್ರಿಂಟಿಗೆ ಕಳ್ಸು," ಅಂದರು. ಆಪರೇಷನ್ ಮುಂದಿನ ಮಂಗಳವಾರಕ್ಕೆ ಗೊತ್ತಾಗಿತ್ತು.

ಶುಕ್ರವಾರ ಸಿರಿಯ ಅಪ್ಪ ವೀರೇಂದ್ರ ಫೋನ್ ಮಾಡಿದರು. ಅವರ ತಾಯಿ ಈಶ್ವರಮ್ಮ ತಕರಾರು ತೆಗೆದಿದ್ದರಂತೆ. ಮೊಮ್ಮಗಳ ಮುಖವನ್ನು ಏನು ಮಾಡುತ್ತಾರೆಂದು ಕಣ್ಣಾರೆ ನೋಡದೆ ಕಳಿಸುವುದಿಲ್ಲ, ಮಂಡಿನೋವು, ಶಿವಮೊಗ್ಗಕ್ಕೆ ತಾನು ಬರಲಾಗುವುದಿಲ್ಲ, ಯಾರಾದರೂ ಬಂದು ತೋರಿಸಲಿ.

"ನೀನೇ ಹೋಗು ಮಾರಾಯ್ತಿ," ಅಂದರು ಮೇಡಂ. "ಅಜ್ಜಿಯರ ಹತ್ರ ಮಾತಾಡೋಕೆ ನಿನಗೆ ಬರುತ್ತೆ. ನಾನು ಹೋದ್ರೆ ಹೆದರಿಸಿ ಬರ್ತೀನಿ."

ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪನ್ನೂ, ಪ್ರಿಂಟ್ ಮಾಡಿದ ಸಿರಿಯ ಪ್ಲಾಸ್ಟಿಕ್ ತಲೆಬುರುಡೆಯನ್ನೂ ಬ್ಯಾಗಿಗೆ ಹಾಕಿಕೊಂಡು ಪ್ರೈವೇಟ್ ಬಸ್ ಹತ್ತಿದೆ. ಕೋಣೆಯಲ್ಲಿ ಪ್ರಿಂಟರು ಸ್ಪ್ಲಿಂಟನ್ನು ಪದರ ಪದರವಾಗಿ ಕಟ್ಟುತ್ತಿತ್ತು. ಬಸ್ಸು ಮಾಚೇನಹಳ್ಳಿ ದಾಟುವವರೆಗೂ ತೊಡೆಯ ಮೇಲಿನ ಬ್ಯಾಗಿನಲ್ಲಿ ಒಬ್ಬ ರಾಜಕುಮಾರಿಯ ತಲೆಯಿದೆ, ನಾನು ಅದನ್ನು ಯಾವುದೋ ಗುಡ್ಡದಾಚೆಯ ಮುದುಕಿಗೆ ಒಪ್ಪಿಸಲು ಹೊರಟಿದ್ದೇನೆ ಎಂದುಕೊಳ್ಳುತ್ತ ಕೂತಿದ್ದೆ. ಕಂಡಕ್ಟರು ಎರಡು ಸಲ ಟಿಕೆಟ್ ಕೇಳಬೇಕಾಯಿತು.

ಮನೆ ಹಳೇನಗರದಲ್ಲಿ, ಹೊಳೆಗೆ ಹತ್ತಿರ. ಮನೆಗೆ ಅಂಟಿಕೊಂಡೇ ವೀರೇಂದ್ರ ಅವರ ಲೇತ್ ವರ್ಕ್‌ಶಾಪು. ಅವರ ಅಪ್ಪ ಉಜ್ಜನಪ್ಪ ಇದ್ದಷ್ಟು ಕಾಲ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಗೋಡೆಯ ಮೇಲೆ ಹಾರ ಹಾಕಿದ ಅವರ ಫೋಟೋ ಇತ್ತು. ಬಾಯಿಯ ಎಡಮೂಲೆಯಲ್ಲಿ ಮೊದಲು ಶುರುವಾಗುವ ನಗು, ಥೇಟ್ ಸಿರಿಯದ್ದೇ.

ಈಶ್ವರಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ತಲೆಬುರುಡೆಯನ್ನು ಕೈಗೆ ಕೊಟ್ಟೆ. ಹೆದರುತ್ತಾರೇನೋ ಎಂದಿದ್ದೆ. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ನೆತ್ತಿ ಸವರಿದರು.

"ಇದು ನಮ್ಮ ಸಿರಿದಾ?"

"ಹೂಂ ಅಜ್ಜಿ. ಪ್ಲಾಸ್ಟಿಕ್ಕಲ್ಲಿ ಮಾಡಿದ್ದು."

"ಬಡಕಲಾಗಿದೆ. ಮೊದ್ಲೇ ಹೇಳ್ದೆ ಈ ಹುಡುಗಿ ಸರಿಯಾಗಿ ತಿನ್ನಲ್ಲ ಅಂತ."

"ಅಜ್ಜಿ, ಎಲ್ಲಾರ ಬುರುಡೆನೂ ಹಂಗೇ ಇರೋದು," ಅಂದಳು ಸಿರಿ.

"ನಂದು ಹಿಂಗಿರಲ್ಲ ಬಿಡು."

ಲ್ಯಾಪ್‌ಟಾಪ್ ತೆರೆದು ಎಲ್ಲವನ್ನೂ ತೋರಿಸಿದೆ. ಮೇಲ್ದವಡೆ ಎಲ್ಲಿ ಬಿಡಿಸುತ್ತಾರೆ, ಕೆಳದವಡೆ ಎಷ್ಟು ಹಿಂದಕ್ಕೆ ಹೋಗುತ್ತದೆ, ಸಣ್ಣ ಪಟ್ಟಿಯಿಟ್ಟು ಹೇಗೆ ಸ್ಕ್ರೂ ಮಾಡುತ್ತಾರೆ. ವೀರೇಂದ್ರ ಸ್ಕ್ರೂ ಯಾವ ಲೋಹದ್ದು ಎಂದು ಕೇಳಿದರು. ಟೈಟೇನಿಯಂ ಎಂದಾಗ ತಲೆದೂಗಿದರು. ಈಶ್ವರಮ್ಮ ಇದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಕೊನೆಗೆ ಕೇಳಿದರು:

"ನಗು ಹೋಗಲ್ಲ ತಾನೇ?"

"ಯಾವ ನಗು ಅಜ್ಜಿ?"

ಅವರು ಗೋಡೆಯ ಮೇಲಿನ ಫೋಟೋ ಕಡೆಗೆ ಗದ್ದ ತೋರಿಸಿದರು. "ಅವರ ನಗು. ಮನೇಲಿ ಇವಳೊಬ್ಬಳಿಗೇ ಬಂದಿರೋದು. ಹಲ್ಲು ನೆಟ್ಟಗಾಗ್ಲಿ, ಬೇಡ ಅನ್ನಲ್ಲ. ನಗು ಯಾರದ್ದೋ ಆಗ್ಬಿಟ್ರೆ ನಾನು ಯಾರನ್ನ ನೋಡ್ಲಿ?"

ನಗುವುದು ಮೂಳೆಯಿಂದಲ್ಲ, ಅದರ ಮೇಲಿನ ಸ್ನಾಯುವಿನಿಂದ, ಅದನ್ನು ಯಾರೂ ಮುಟ್ಟುವುದಿಲ್ಲ ಎಂದು ಹೇಳಿದೆ. ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಬೇರೆ ದಾರಿ ತೋಚದೆ ನನ್ನ ಅಜ್ಜಿಯ ಕಥೆ ಹೇಳಿದೆ. ಬ್ರಹ್ಮನ ಅಂಗಳ, ಕಡಿಮೆಯಾದ ಬೆಳಕು, ಒಂದು ಪಕ್ಕದ ದೀಪ, ಒಂದು ಚಿಟಿಕೆ ಹೆಚ್ಚಿನ ನಗು.

"ನಮ್ಮ ಕೆಲಸ ಇನ್ನೊಂದು ಪಕ್ಕದಲ್ಲಿ ದೀಪ ಹಿಡಿಯೋದು ಅಷ್ಟೇ ಅಜ್ಜಿ. ಅವನು ಹಾಕಿದ ನಗು ವಾಪಸ್ ತಗೊಳ್ಳೋಕೆ ನಮಗೆ ಬರಲ್ಲ."

"ನಿಮ್ಮಜ್ಜಿ ಯಾವೂರೋರು?" ಅಂದರು ಈಶ್ವರಮ್ಮ. ಹೇಳಿದೆ. "ಒಳ್ಳೆ ಸುಳ್ಳು ಹೇಳ್ತಾರೆ," ಅಂದು ನಕ್ಕು, ಕೈಹಿಡಿದು ಹತ್ತಿರ ಎಳೆದುಕೊಂಡರು. "ಬಾ ಮಗ, ಹಣೆ ಬರಿದು ಇಟ್ಕೊಂಡು ಒಳ್ಳೆ ಕೆಲಸಕ್ಕೆ ಕೈ ಹಾಕ್ಬಾರ್ದು." ಪಕ್ಕದ ಕರಡಿಗೆಯಿಂದ ವಿಭೂತಿ ಗಟ್ಟಿ ತೆಗೆದು, ಬೆರಳು ಉಜ್ಜಿ, ನನ್ನ ಹಣೆಗೆ ಎಳೆದರು. ತಂಪಾಯಿತು. ಅಮ್ಮನ ಮನೆಗೆ ಬಂದ ಹಾಗಾಯಿತು.

ಲ್ಯಾಪ್‌ಟಾಪಿನ ಪರದೆ ಅಷ್ಟರಲ್ಲಿ ಆರಿ ಕಪ್ಪಾಗಿತ್ತು. ಅದರಲ್ಲಿ ನನ್ನ ಮುಖ ಕಂಡಿತು. ಹಣೆಯ ಮೇಲೆ ಮೂರು ಬಿಳಿ ಗೆರೆ, ಮೂರೂ ಎಡಕ್ಕೆ ಇಳಿದಿದ್ದವು.

ತಲೆ ವಾಲಿಸಿದ್ದೇನೆ ಎಂದುಕೊಂಡು ನೆಟ್ಟಗೆ ಕೂತೆ. ಗೆರೆ ಇಳಿದೇ ಇತ್ತು. ವೀರೇಂದ್ರ ಅವರ ಹಣೆ ನೋಡಿದೆ. ಸಿರಿಯ ಹಣೆ ನೋಡಿದೆ. ಗೋಡೆಯ ಫೋಟೋದಲ್ಲಿ ಉಜ್ಜನಪ್ಪನವರ ಹಣೆ ನೋಡಿದೆ. ಆ ಮನೆಯಲ್ಲಿ ಎಲ್ಲರ ವಿಭೂತಿಯೂ ಒಂದೇ ಕಡೆಗೆ, ಒಂದೇ ಅಳತೆಗೆ ಇಳಿಯುತ್ತಿತ್ತು.

"ಅಜ್ಜಿ, ನಿಮ್ಮ ಕೈ ಒಂಚೂರು ತೋರ್ಸಿ."

ಮಣಿಕಟ್ಟಿನ ಹತ್ತಿರ ಮೂಳೆ ಉಬ್ಬಿತ್ತು. ಅಂಗೈ ಒಂದು ಮಿತಿಯಾಚೆಗೆ ತಿರುಗುತ್ತಿರಲಿಲ್ಲ.

"ಬಾವಿ ರಾಟೆಗೆ ಸಿಕ್ಕಿ ಮುರಿದಿತ್ತು, ಇವನು ಹುಟ್ಟೋಕೆ ಮುಂಚೆ. ನಾಟಿ ಕಟ್ಟು ಹಾಕ್ಸಿದ್ದು. ಕೂಡ್ಕೊಂತು, ಆದ್ರೆ ತಿರುಗಲ್ಲ. ಯಾಕೆ ಮಗ?"

ಶಿವಮೊಗ್ಗದಲ್ಲಿ ಈ ಕೈಯ ಓರೆಗೆ ಸರಿಯಾಗಿ ಒಂದು ಬಿಲ್ಲೆ ಪ್ರಿಂಟ್ ಆಗುತ್ತಿತ್ತು. ಮಂಗಳವಾರ ಅದನ್ನು ಸಿರಿಯ ಬಾಯಲ್ಲಿಟ್ಟು, ಬೇಕಾದ್ದಕ್ಕಿಂತ ಎರಡೂವರೆ ಮಿಲಿಮೀಟರ್ ಹೆಚ್ಚಿಗೆ ಎತ್ತಿ ಸ್ಕ್ರೂ ಬಿಗಿಯುತ್ತಿದ್ದರು.

ಯಾವ ಕಥೆಯೂ ಆಗ ನೆರವಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸರಪಳಿ ಮರೆತದ್ದು, ಕಣ್ಣು ಕಿವಿ ಮಟ್ಟಕ್ಕೆ ಸಿಗದ್ದು, ವಿಭೂತಿಯನ್ನು ನಂಬಿದ್ದು.

ಮೊದಲು ಮಾತಾಡಿದವರು ಈಶ್ವರಮ್ಮ. "ನನ್ನ ವಿಭೂತಿ ಓರೆನಾ?" ಎಂದು ಮಗನ ಕಡೆ ತಿರುಗಿದರು. "ಇಷ್ಟು ವರ್ಷ ಯಾರೂ ಹೇಳ್ಲಿಲ್ವಲ್ಲೋ."

"ಯಾರು ಹೇಳ್ತಾರೆ ಅವ್ವ," ಅಂದರು ವೀರೇಂದ್ರ. "ಅಪ್ಪನೇ ಹೇಳ್ಲಿಲ್ಲ. ಕಾರ್ಖಾನೇಲಿ ಅರ್ಧ ನೂಲು ಹೆಚ್ಚುಕಮ್ಮಿ ಆದ್ರೆ ರೇಗ್ತಿದ್ದ ಮನುಷ್ಯ."

ಸಿರಿ ನಗಲಿಲ್ಲ. "ನೀವು ಇವತ್ತು ಬರ್ದೇ ಇದ್ದಿದ್ರೆ ಏನಾಗ್ತಿತ್ತು ಅಕ್ಕ?"

"ಹಲ್ಲಿನ ಸಾಲು ಈಗ ಬಲಕ್ಕೆ ಜೋತಿದೆಯಲ್ಲ, ಅದು ಎಡಕ್ಕೆ ಜೋಲ್ತಿತ್ತು. ಕಚ್ಚೋಕೆ ಬರ್ತಿತ್ತು. ನಕ್ಕಾಗ ಗೊತ್ತಾಗ್ತಿತ್ತು."

ಅವಳು ಅಜ್ಜಿಯ ಮಡಿಲಿನ ಬುರುಡೆಯನ್ನು ತೆಗೆದುಕೊಂಡು ಅದರ ಹಲ್ಲಿನ ಸಾಲಿನ ಮೇಲೆ ಬೆರಳಾಡಿಸಿದಳು. ಒಂದೂವರೆ ವರ್ಷ ಕ್ಲಿಪ್ಪಿನ ನೋವು ತಿಂದವಳು.

"ಬೇರೆಯವರ ಹತ್ರ ಪ್ಲಾನ್ ಮಾಡಿಸ್ಬೇಕು ಅಂದ್ರೆ ನಾನೇ ಮೇಡಂಗೆ ಹೇಳ್ತೀನಿ ಸಿರಿ. ಬೇಜಾರಿಲ್ಲ," ಅಂದೆ. ಬೇಜಾರಿತ್ತು.

ಅವಳು ಉತ್ತರ ಕೊಡುವ ಮೊದಲೇ ಹೊರಗೆ ಹೋಗಿ ಮೇಡಂಗೆ ಫೋನ್ ಮಾಡಿದೆ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

"ಫೋಟೋಗೆ ಲೆವೆಲ್ ಹಿಡ್ದೆ ಅಂದ್ಯಲ್ಲ," ಅಂದರು ಮೇಡಂ.

"ಫೋಟೋದಲ್ಲಿ ವಿಭೂತಿ ಇತ್ತು ಮೇಡಂ."

ಆ ಕಡೆ ಏನೋ ಕೆಮ್ಮಿದ ಹಾಗೆ ಕೇಳಿಸಿತು. ಅದು ನಗುವೋ ಕೋಪವೋ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. "ಪ್ರಿಂಟರ್ ನಿಲ್ಲಿಸ್ತೀನಿ. ಸ್ಕ್ಯಾನ್ ಮತ್ತೆ ಬೇಡ, ತಲೆ ಮಟ್ಟ ಒಂದು ಸರಿಯಾಗಿ ಸಿಕ್ರೆ ಸಾಕು. ಸೋಮವಾರ ಬೆಳಿಗ್ಗೆ ನನಗೆ ಹೊಸ ಪ್ಲಾನ್ ತೋರ್ಸು. ಬೈಯೋದು ಅದಾದ್ಮೇಲೆ, ನಿಧಾನಕ್ಕೆ ಬೈತೀನಿ."

ಒಳಗೆ ಬರುವಷ್ಟರಲ್ಲಿ ವೀರೇಂದ್ರ ವರ್ಕ್‌ಶಾಪಿನಿಂದ ಎರಡು ವಸ್ತು ತಂದು ಮೇಜಿನ ಮೇಲಿಟ್ಟಿದ್ದರು. ಒಂದು ದಾರ ಕಟ್ಟಿದ ತೂಕದ ಗುಂಡು. ಇನ್ನೊಂದು ಉಜ್ಜನಪ್ಪನವರ ರಸಮಟ್ಟ, ಕಬ್ಬಿಣದ್ದು, ಮಧ್ಯದ ಗಾಜಿನಲ್ಲಿ ಗುಳ್ಳೆ ಇನ್ನೂ ಓಡಾಡುತ್ತಿತ್ತು.

"ಮೆಷಿನ್ ಕೂರಿಸೋಕೆ ಮುಂಚೆ ಬೇಸ್ ಲೆವೆಲ್ ನೋಡ್ಬೇಕಲ್ವಾ ಮೇಡಂ," ಅಂದರು ಮೆಲ್ಲಗೆ. ಚುಚ್ಚುವ ದನಿಯಲ್ಲಿರಲಿಲ್ಲ, ಕೆಲಸಗಾರ ಕೆಲಸಗಾರನಿಗೆ ಹೇಳುವ ಹಾಗಿತ್ತು.

ಬಾಗಿಲ ಚೌಕಟ್ಟಿನಿಂದ ಗುಂಡು ಇಳಿಬಿಟ್ಟರು. ಸಿರಿ ಅದರ ಪಕ್ಕಕ್ಕೆ ನಿಂತಳು. ಎದುರಿಗೆ ಅಕ್ಕಿ ಡ್ರಮ್ಮಿನ ಮೇಲೆ ನನ್ನ ಮೊಬೈಲು, ಅದರ ಹಿಂದೆ ಗೋಡೆಗೆ ಒರಗಿಸಿದ ನಿಲುವುಗನ್ನಡಿ. ದಾರ ಇರುವಾಗ ರಸಮಟ್ಟ ಬೇಕಿಲ್ಲ ಎಂದೆ. ವೀರೇಂದ್ರ ಕೇಳಲಿಲ್ಲ. ಡ್ರಮ್ಮಿನ ಕೆಳಗೆ ಹಳೆಯ ರಟ್ಟು ತುರುಕಿ, ಗುಳ್ಳೆ ನಟ್ಟನಡುವೆ ಬಂದು ನಿಲ್ಲುವವರೆಗೂ ಬಿಡಲಿಲ್ಲ.

ಕಷ್ಟವಾದದ್ದು ಸಿರಿಯದ್ದು. ಮೊಬೈಲ್ ಕಂಡೊಡನೆ ಕತ್ತು ಬಿಗಿಯಾಗುತ್ತಿತ್ತು, ಗದ್ದ ತಾನಾಗಿ ಎದೆಗೆ ಸರಿಯುತ್ತಿತ್ತು. ಮುಖ ಮರೆಸಿಕೊಳ್ಳುವ ಹಳೆಯ ಅಭ್ಯಾಸ.

"ಕಣ್ಣು ಮುಚ್ಚು. ತಲೆ ಮೇಲೆ ಕೆಳಗೆ ಆಡಿಸು, ನಿಧಾನಕ್ಕೆ. ಈಗ ಆ ಕಡೆ ಈ ಕಡೆ. ಕಮ್ಮಿ ಮಾಡ್ತಾ ಬಾ. ಎಲ್ಲಿ ಹಗುರ ಅನ್ಸುತ್ತೋ ಅಲ್ಲಿ ನಿಲ್ಸು."

ನಿಂತಳು. ಕಣ್ಣು ತೆರೆದೊಡನೆ ಮತ್ತೆ ಬಿಗಿಯಾದಳು.

"ಅಕ್ಷರಾ," ಎಂದು ಈಶ್ವರಮ್ಮ ಕುರ್ಚಿಯಿಂದಲೇ ಕರೆದರು. "ಆ ಬ್ರಹ್ಮ ರಾತ್ರಿ ಊಟಕ್ಕೆ ಏನು ಮಾಡ್ತಾನೆ?"

"ಏನು ಅಜ್ಜಿ?"

"ದಿನವಿಡೀ ಮಣ್ಣು ಕಲಸ್ತಾನೆ. ನಾಲ್ಕು ಬಾಯಿ. ಮುದ್ದೆ ಮುರಿಯೋದು ಎರಡು ಕೈಲಿ ಆಗುತ್ತಾ? ಯಾವ ಬಾಯಿಗೆ ಮೊದ್ಲು ಹಾಕ್ತಾನೆ?"

"ಅವನಿಗೆ ಕೈಯೂ ನಾಲ್ಕು ಅಜ್ಜಿ," ಅಂದಳು ಸಿರಿ. ಅನ್ನುವಾಗ ಅವಳ ಕತ್ತು ಸಡಿಲಾಯಿತು, ಗದ್ದ ತನ್ನ ಜಾಗಕ್ಕೆ ಬಂತು. ಕನ್ನಡಿಯಲ್ಲಿ ತನ್ನ ಕಣ್ಣನ್ನು ತಾನೇ ನೋಡುತ್ತ, ನಾಲ್ಕು ಬಾಯಿಯ ಊಟದ ಲೆಕ್ಕ ಹಾಕುತ್ತ ನಿಂತುಬಿಟ್ಟಳು. ಫೋಟೋ ತೆಗೆದೆ. ಅವಳನ್ನು ಓಡಾಡಿಸಿ, ಅವಲಕ್ಕಿ ತಿನ್ನಿಸಿ, ಮತ್ತೆ ನಿಲ್ಲಿಸಿ ತೆಗೆದೆ. ಮೂರನೇ ಸಲವೂ ತೆಗೆದೆ. ಮೂರರಲ್ಲೂ ತಲೆ ಒಂದೇ ಕಡೆ ನಿಂತಿತ್ತು. ಹುಡುಗಿ ಯಾವತ್ತೂ ತಲೆ ವಾಲಿಸಿರಲೇ ಇಲ್ಲ.

ಹೊರಡುವಾಗ ಸಿರಿ ಬಸ್ ಸ್ಟಾಂಡಿನವರೆಗೆ ಬಂದಳು. ಬಸ್ಸಿನ ಮೆಟ್ಟಿಲು ಹತ್ತುವಾಗ ಅಂದಳು:

"ನೀವೇ ಮಾಡಿ ಅಕ್ಕ. ತಪ್ಪು ಎಲ್ಲಿ ಅಂತ ನಿಮಗೊಬ್ಬರಿಗೇ ಗೊತ್ತಿರೋದು. ಆದ್ರೆ ಈ ಸಲ ಅಪ್ಪನ ಗುಂಡು ನಂಬಿ."

ಭಾನುವಾರ ಇಡೀ ದಿನ ಕೂತೆ. ದಾರವನ್ನು ನೋಡಿಕೊಂಡು ತಲೆಬುರುಡೆಯನ್ನು ಮೂರು ಡಿಗ್ರಿ ವಾಪಸು ತಿರುಗಿಸಿದೆ. ಬಲಗಡೆ ಎತ್ತಬೇಕಾದ್ದು ನಾಲ್ಕೂವರೆಯಿಂದ ಎರಡು ಮಿಲಿಮೀಟರಿಗಿಂತ ಕಡಿಮೆಗೆ ಇಳಿಯಿತು. ಸೋಮವಾರ ಮೇಡಂ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, "ಇದು ನಾನು ನೋಡಿದ ಹುಡುಗಿ," ಅಂದರು. ಆಮೇಲೆ ಮಾತು ಕೊಟ್ಟ ಹಾಗೆ ನಿಧಾನಕ್ಕೆ ಬೈದರು. ಸರಪಳಿ ಮರೆತದ್ದಕ್ಕೆ ಎರಡು ಮಾತು, ಮುಚ್ಚಿಟ್ಟದ್ದಕ್ಕೆ ಮುಕ್ಕಾಲು ಗಂಟೆ. ಹಳೆಯ ಸ್ಪ್ಲಿಂಟನ್ನು ಎಸೆಯಲು ಬಿಡಲಿಲ್ಲ. ಅದು ಈಗಲೂ ನನ್ನ ಮೇಜಿನ ಮೇಲೆ, ಕಣ್ಣಿಗೆ ಬೀಳುವಲ್ಲೇ ಇದೆ.

ಮಂಗಳವಾರ ಹೊಸ ಬಿಲ್ಲೆಯಲ್ಲಿ ಸಿರಿಯ ಹಲ್ಲುಗಳು ಟಕ್ಕೆಂದು ಕೂತವಂತೆ. ನಾನು ಹೊರಗಿದ್ದೆ. ಮೇಡಂ ಬಾಗಿಲು ತೆರೆದು ಬಂದು, ಮಾಸ್ಕ್ ಇಳಿಸಿ, ಹೆಬ್ಬೆರಳು ತೋರಿಸಿ ಕಾಫಿಗೆ ಹೋದರು.

ಊತ ಇಳಿಯಲು ವಾರಗಳು ಬೇಕಾದವು. ಗಂಜಿ, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಮುದ್ದೆ. ಮುದ್ದೆ ನುಂಗುವುದಕ್ಕೆ ಹಲ್ಲೇ ಬೇಡ, ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂದು ಈಶ್ವರಮ್ಮ ಫೋನಿನಲ್ಲಿ ಹೇಳಿದರು.

ನಾಲ್ಕನೇ ತಿಂಗಳ ಚೆಕಪ್ಪಿಗೆ ಸಿರಿ ಒಂದು ಚೀಲ ಸೀಬೆಹಣ್ಣು ಹಿಡಿದು ಬಂದಳು. ಮೇಡಂ ಅಪ್ಪಣೆ ಕೊಟ್ಟರು. ನಮ್ಮಿಬ್ಬರ ಎದುರಿಗೇ ಒಂದನ್ನು ಎತ್ತಿ, ಪಕ್ಕಕ್ಕೆ ತಿರುಗಿಸದೆ, ನೇರ ಮುಂದಿನ ಹಲ್ಲಿಗಿಟ್ಟು ಕಚ್ಚಿದಳು. ಹಣ್ಣಿನ ಮೇಲೆ ಅರ್ಧಚಂದ್ರದಂಥ ಗುರುತು ಉಳಿಯಿತು, ಎರಡೂ ತುದಿ ಸಮ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಂತರ ನಕ್ಕಳು. ನಗು ಮೊದಲು ಎಡಮೂಲೆಯಲ್ಲೇ ಶುರುವಾಯಿತು.

"ಫೋಟೋ ತೆಗಿ ಅಕ್ಷರಾ," ಅಂದರು ಮೇಡಂ. "ಸರಪಳಿ ಇದೆ ತಾನೇ?"

"ಇದೆ ಮೇಡಂ."

"ಹಣೆ ಒರೆಸ್ಕೊಳ್ಲಾ?" ಎಂದಳು ಸಿರಿ.

"ಬೇಡ," ಅಂದೆವು ಮೇಡಂ ಮತ್ತು ನಾನು, ಒಟ್ಟಿಗೇ.

ಹೋಗುವ ಮೊದಲು ಅವಳು ನನ್ನ ಜೊತೆ ಒಂದು ಸೆಲ್ಫಿ ತೆಗೆದುಕೊಂಡು ನನಗೂ ಕಳಿಸಿದಳು. ಸಾಯಂಕಾಲ ವಿದ್ಯಾನಗರದ ನಮ್ಮ ಮನೆಗೆ ಬಂದು, ಎರಡು ಸೀಬೆಹಣ್ಣಿನ ಜೊತೆ ಆ ಚಿತ್ರವನ್ನೂ ನನ್ನ ಅಜ್ಜಿಯ ಕೈಗೆ ಕೊಟ್ಟೆ. ಅವರು ಮೊಬೈಲನ್ನು ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡಿದರು.

"ಲಕ್ಷಣವಾಗಿದಾಳೆ ಹುಡುಗಿ. ವಿಭೂತಿ ಯಾರು ಹಚ್ಚಿದ್ದು ಇವಳಿಗೆ? ಬ್ರಹ್ಮ ಸಾಯಂಕಾಲ ಕೂತು ಹಚ್ಚಿದ ಹಾಗಿದೆ."

ಹಲ್ಲಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಅಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ.